ಕಡವೆಗೂ ಇಂಚಿನ ಲೆಕ್ಕ ಗೊತ್ತು

(ನವೆಂಬರ್-ಡಿಸೆಂಬರಿನಲ್ಲಿ ಬರುವ ಕೊಡಗಿನ ಸುಗ್ಗಿಹಬ್ಬ ಹುತ್ತರಿ ಮುಗಿದ ಮರುವಾರ ವಿರಾಜಪೇಟೆಯಲ್ಲಿ ಆಡಿದ ಮಾತು. ಬರೆಯುವಾಗ ಕೆಲವು ಪುನರುಕ್ತಿ ತೆಗೆದಿದ್ದೇನೆ, ಸಭಿಕರು ನಡುವೆ ಕೇಳಿದ್ದನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಶುರುವಿನಲ್ಲೇ ಒಂದು ಪ್ರಶ್ನೆ ಕೇಳಿದೆ. "ಇಲ್ಲಿ ಕೂತವರಲ್ಲಿ ಯಾರ್ಯಾರ ತೋಟಕ್ಕೆ ಐಬೆಕ್ಸ್ ಇದೆ?" ಅರ್ಧಕ್ಕಿಂತ ಹೆಚ್ಚು ಕೈ ಮೇಲೆದ್ದವು. "ಐಬೆಕ್ಸನ್ನು ಕಣ್ಣಾರೆ ನೋಡಿದವರು?" ಒಂದೂ ಏಳಲಿಲ್ಲ.

ಸೋಲಾರ್ ಬೇಲಿಗೆ ನಮ್ಮಲ್ಲಿ ಐಬೆಕ್ಸ್ ಅನ್ನುವ ಹೆಸರು ಎಷ್ಟು ಅಂಟಿಕೊಂಡಿದೆಯೆಂದರೆ ಅದೊಂದು ಪ್ರಾಣಿ ಅನ್ನುವುದೇ ಮರೆತುಹೋಗಿದೆ. ಹಿಮಾಲಯದ ಕಡಿದಾದ ಬಂಡೆಗಳಲ್ಲಿ ಬದುಕುವ ಕಾಡು ಆಡು ಅದು. ಹಿಂದಕ್ಕೆ ಬಾಗಿದ, ಗೆಣ್ಣುಗೆಣ್ಣಿನ ಕೊಂಬು. ಇವತ್ತು ನಾನು ಹೇಳಬೇಕಾದ ಮಾತು ನಮ್ಮೂರಿನ ಗೊರಸಿನ ಪ್ರಾಣಿಗಳದ್ದು, ಕಡವೆ, ಕಾಟಿ (ಕಾಡುಕೋಣ), ಕಾಡುಕುರಿ (ಬೊಗಳುವ ಜಿಂಕೆ), ಬರ್ಕ (ಇಲಿಜಿಂಕೆ), ಹಂದಿ ಇವುಗಳದ್ದು. ಆದರೂ ಬೇಲಿಗೆ ಹೆಸರು ಕೊಟ್ಟ ಆ ಆಡಿನಿಂದಲೇ ಶುರು ಮಾಡಿದರೆ ನಮ್ಮವುಗಳ ಬುದ್ಧಿ ಬೇಗ ತಿಳಿಯುತ್ತದೆ.

ಹಿಮಾಚಲದ ಸ್ಪಿತಿಯಂಥ ಕಡೆ ವರ್ಷಕ್ಕೆ ಇರುವುದು ಎರಡೇ ಕಾಲ. ಹಿಮ ಇರುವ ಕಾಲ, ಹಿಮ ಇಲ್ಲದ ಕಾಲ. ಹಿಮ ಕರಗುವುದು ಕೆಳಗಿನಿಂದ ಮೇಲಕ್ಕೆ. ಅದರ ಹಿಂದೆಯೇ ಎಳೆಹುಲ್ಲು ಬೆಟ್ಟ ಹತ್ತುತ್ತದೆ, ಹುಲ್ಲಿನ ಹಿಂದೆ ಐಬೆಕ್ಸ್ ಮತ್ತು ಭರಲ್ ಎಂಬ ನೀಲಿ ಕುರಿ. ಎಳೆಹುಲ್ಲಿನಲ್ಲಿ ಪ್ರೋಟೀನು ಹೆಚ್ಚು, ನಾರು ಕಡಿಮೆ. ಎರಡು ಮೂರು ವಾರದಲ್ಲಿ ಅದು ಬಲಿತು ಕಡ್ಡಿಯಾಗುವಷ್ಟರಲ್ಲಿ ಪ್ರಾಣಿ ಇನ್ನೊಂದು ಮೆಟ್ಟಿಲು ಮೇಲೇರಿರುತ್ತದೆ. ಹೀಗೆ ಅದಕ್ಕೆ ಎಳೆಹುಲ್ಲಿನ ಕಾಲ ಒಂದೇ ತಿಂಗಳಿಗೆ ಮುಗಿಯದೆ ಮೂರ್ನಾಲ್ಕು ತಿಂಗಳು ಎಳೆಯುತ್ತದೆ. ಚಳಿಗಾಲಕ್ಕೆ ಹಿಮ ನಿಲ್ಲದಷ್ಟು ಕಡಿದಾದ, ಬಿಸಿಲು ಬೀಳುವ ಇಳಿಜಾರು ಹುಡುಕುತ್ತದೆ. ಬೆಳಿಗ್ಗೆ ಎದ್ದು ಮೊದಲು ಮಾಡುವ ಕೆಲಸ ಬಿಸಿಲು ಕಾಯುವುದು. ಆಲ್ಪ್ಸ್ ಬೆಟ್ಟದ ಐಬೆಕ್ಸ್‌ಗಳ ಎದೆಬಡಿತ ಅಳೆದು ನೋಡಿದಾಗ, ಬೇಸಿಗೆಯ ಬಡಿತ ಚಳಿಗಾಲದಲ್ಲಿ ಅರ್ಧದ ಆಸುಪಾಸಿಗೆ ಇಳಿದದ್ದು ಕಂಡಿದೆ. ಮೇವಿಲ್ಲದ ಕಾಲದಲ್ಲಿ ಒಲೆಯ ಉರಿಯನ್ನೇ ಸಣ್ಣ ಮಾಡಿಕೊಂಡಂತೆ.

ಈಗ ನಮ್ಮ ಬೆಟ್ಟಕ್ಕೆ ಬನ್ನಿ. ತಡಿಯಂಡಮೋಳ್ 1748 ಮೀಟರು. ಅಲ್ಲಿಂದ ಕುಶಾಲನಗರದ ಹೊಳೆ ದಡಕ್ಕೆ ಇಳಿದರೂ ಎತ್ತರದಲ್ಲಿ ಒಂಬೈನೂರು ಮೀಟರಿನಷ್ಟು ವ್ಯತ್ಯಾಸ. ಉಷ್ಣತೆಯಲ್ಲಿ ಹೆಚ್ಚೆಂದರೆ ಆರು ಡಿಗ್ರಿ. ಒಂದು ಸ್ವೆಟರಿನ ಅಂತರ! ಈ ಗಿಡ್ಡ ಏಣಿ ಹತ್ತಿ ಇಳಿದು ಪ್ರಾಣಿಗೆ ದೊಡ್ಡ ಲಾಭವೇನೂ ಇಲ್ಲ.

ಹಾಗಾದರೆ ನಮ್ಮ ಬೆಟ್ಟದಲ್ಲಿ ಬದಲಾಗುವುದು ಏನು? ಅದನ್ನು ನಾನು ಹೇಳಬೇಕಿಲ್ಲ. ಕೊಡಗಿನಲ್ಲಿ ಇಬ್ಬರು ತೋಟದವರು ಎದುರಾದರೆ ಕ್ಷೇಮ ಕೇಳುವ ಮುಂಚೆ ಕೇಳುವುದು "ನಿಮ್ಮಲ್ಲಿ ಎಷ್ಟು ಇಂಚಾಯ್ತು?" ಭಾಗಮಂಡಲದಲ್ಲಿ ವರ್ಷದ ಮಳೆ ಇನ್ನೂರು ಇಂಚು ದಾಟುತ್ತದೆ, ಕುಶಾಲನಗರದಲ್ಲಿ ನಲವತ್ತರ ಸುತ್ತಮುತ್ತ. ನಡುವೆ ನೇರ ಗೆರೆ ಎಳೆದರೆ ಐವತ್ತು ಕಿಲೋಮೀಟರೂ ಆಗದು. ಕಡವೆಗೂ ಕಾಟಿಗೂ ಇರುವ ಕ್ಯಾಲೆಂಡರು ಇದೇ ಇಂಚಿನ ಲೆಕ್ಕ. ಅವು ಹಿಮಾಲಯದ ಬಂಧುಗಳಂತೆ ಎತ್ತರ ಬದಲಿಸುವುದು ಕಡಿಮೆ. ಬದಲಿಸುವುದು ಮಗ್ಗುಲನ್ನು, ಹೊತ್ತನ್ನು, ಊಟವನ್ನು.

ಇನ್ನೊಂದು ಸಂಗತಿ ಹೇಳಿಯೇ ಮುಂದೆ ಹೋಗುತ್ತೇನೆ, ಏಕೆಂದರೆ ಇದು ನನಗೆ ತಿಳಿದಾಗ ಹಲವು ವರ್ಷದ ಗೊಂದಲ ಬಿಟ್ಟುಹೋಯಿತು. ನಾಗರಹೊಳೆಗೆ ಹೋದವರು ನೋಡಿರುತ್ತೀರಿ. ಒಂದೇ ಹಿಂಡಿನಲ್ಲಿ ಒಂದು ಗಂಡು ಚುಕ್ಕಿಜಿಂಕೆಗೆ ಗಟ್ಟಿ ಕೊಂಬು, ಪಕ್ಕದ್ದಕ್ಕೆ ಮಖಮಲ್ಲಿನಂಥ ಎಳೆಗೊಂಬು, ಮೂರನೆಯದು ಬೋಳು. ತಂಪು ದೇಶದ ಜಿಂಕೆಗಳಲ್ಲಿ ಹೀಗಾಗದು, ಎಲ್ಲ ಗಂಡುಗಳ ಕೊಂಬೂ ಹೆಚ್ಚುಕಡಿಮೆ ಒಟ್ಟಿಗೆ ಬೀಳುತ್ತವೆ. ಅಲ್ಲಿ ದೇಹಕ್ಕೆ ಗಂಟೆ ಬಾರಿಸುವುದು ಹಗಲಿನ ಉದ್ದ. ಸ್ಪಿತಿಯಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ನಾಲ್ಕು ಗಂಟೆಗೂ ಮೀರಿದ ಅಂತರ. ಮಡಿಕೇರಿಯಲ್ಲಿ ಅದು ಒಂದೂವರೆ ಗಂಟೆಯೂ ತುಂಬುವುದಿಲ್ಲ. ಗಂಟೆಯ ಸದ್ದು ಇಷ್ಟು ಸಣ್ಣದಾದರೆ ಎಲ್ಲರೂ ಒಟ್ಟಿಗೆ ಏಳುವುದು ಹೇಗೆ? ಕಾಡುಕುರಿಗಂತೂ ಈ ಗಂಟೆಯ ಹಂಗೇ ಇಲ್ಲ. ವರ್ಷದ ಯಾವ ತಿಂಗಳಲ್ಲಾದರೂ ಮರಿ ಹಾಕುತ್ತದೆ. ಒದ್ದೆ ಕಾಡಿನ ಒಳಗೆ ಉದುರಿದ ಹಣ್ಣು, ಚಿಗುರು ಆರಿಸಿ ತಿನ್ನುವ ಸಣ್ಣ ಪ್ರಾಣಿಗೆ ಬರಗಾಲ ಅನ್ನುವುದು ಅಷ್ಟಾಗಿ ತಟ್ಟುವುದಿಲ್ಲ.

ಕಡವೆ ಹಾಗಲ್ಲ. ಅದಕ್ಕೆ ಋತು ಉಂಟು, ಅದು ಈಗ ನಡೆಯುತ್ತಿದೆ. ಹುತ್ತರಿಯ ಹೊತ್ತಿಗೆ ಗಂಡಿನ ಕೊಂಬು ಗಟ್ಟಿಯಾಗಿ, ಕುತ್ತಿಗೆಯ ಕೂದಲು ಜೂಲಿನಂತೆ ಎದ್ದು, ಕೆಸರಿನಲ್ಲಿ ಹೊರಳಿ, ಮರಕ್ಕೆ ಕೊಂಬು ತಿಕ್ಕಿ ತಿಕ್ಕಿ ತೊಗಟೆ ಎಬ್ಬಿಸುವ ಕಾಲ. ನನ್ನ ತೋಟದ ಮೇಲಿನ ಅಂಚಿನಲ್ಲಿ ಒಂದು ಎಳೆ ಹಲಸಿನ ಮರ ಇದೆ. ವರ್ಷ ವರ್ಷವೂ ಅದಕ್ಕೆ ಇದೇ ಶಿಕ್ಷೆ. ಬೇಸಿಗೆ ಬರುವಷ್ಟರಲ್ಲಿ ಕೊಂಬು ಉದುರುತ್ತದೆ. (ಉದುರಿದ ಕೊಂಬು ಸಿಕ್ಕರೂ ಮನೆಗೆ ತರಬೇಡಿ. 1972ರ ವನ್ಯಜೀವಿ ಕಾಯ್ದೆಗೆ ನೀವು ಕೊಂದದ್ದೋ ಹೆಕ್ಕಿದ್ದೋ ಎರಡೂ ಒಂದೇ. ಈ ಮಾತಿಗೆ ಸಭೆಯಲ್ಲಿ ಕೆಲವರು ಕಾಲು ನೋಡಿಕೊಂಡರು.) ಮಳೆಗಾಲದಲ್ಲಿ ಹೊಸ ಕೊಂಬು ಮೃದುವಾಗಿ, ರಕ್ತ ತುಂಬಿ ಬೆಳೆಯುವಾಗ ಗಂಡು ಒಂಟಿಯಾಗಿ ದಟ್ಟ ಪೊದೆಗಳಲ್ಲಿ ಅಡಗಿರುತ್ತದೆ. ಹುತ್ತರಿಯ ಈ ಭೂಪ ಕಕ್ಕಡದಲ್ಲಿ (ಜುಲೈ-ಆಗಸ್ಟಿನ ಮಳೆಯ ತಿಂಗಳಲ್ಲಿ) ಎದುರಾದರೆ ಗುರುತೇ ಸಿಗುವುದಿಲ್ಲ, ಅಷ್ಟು ಸಂಕೋಚ.

ಈಗ ಬಸಿರಾದ ಹೆಣ್ಣು ಎಂಟು ತಿಂಗಳು ಹೊತ್ತು ಮರಿ ಹಾಕುವುದು ಮಳೆಗಾಲದ ನಡುವೆ. ಇದು ನನಗೆ ಬಹಳ ಕಾಲ ಅರ್ಥವಾಗಿರಲಿಲ್ಲ. ಹೊರಗೆ ಆಕಾಶ ಹರಿದು ಬೀಳುತ್ತಿರುವಾಗ, ನಾವೇ ಒಲೆ ಬಿಟ್ಟು ಏಳದಿರುವಾಗ, ಯಾವ ತಾಯಿ ಮರಿ ಹಾಕುತ್ತಾಳೆ?

ಉತ್ತರ ಹೊಳೆದದ್ದು ನಮ್ಮ ಬೆಟ್ಟದಲ್ಲಿ ಇಲ್ಲದ ಒಂದು ಪ್ರಾಣಿಯಿಂದ. ನೀಲಗಿರಿಯಿಂದ ದಕ್ಷಿಣಕ್ಕೆ, ಆನೆಮುಡಿಯ ಆಚೆಯವರೆಗೆ, ಬಂಡೆ ಮತ್ತು ಹುಲ್ಲುಗಾವಲಿನ ನೆತ್ತಿಗಳಲ್ಲಿ ನೀಲಗಿರಿ ಥಾರ್ ಇದೆ. ತಮಿಳರು ವರೈಯಾಡು ಅನ್ನುತ್ತಾರೆ. ಬಂಡೆಯ ಆಡು ಅಂತ ಅರ್ಥ, ತಮಿಳುನಾಡಿನ ರಾಜ್ಯಪ್ರಾಣಿ. ಅದರ ಬೆದೆಗಾಲ ಮುಂಗಾರು ಮಳೆಯ ನಡುವೆ, ಮಂಜಿನೊಳಗೆ. ಗರ್ಭ ಆರು ತಿಂಗಳು. ಹಾಗಾಗಿ ಮರಿಗಳು ಹುಟ್ಟುವುದು ಹೆಚ್ಚಾಗಿ ಜನವರಿ, ಫೆಬ್ರವರಿಯ ಒಣಹವೆಯಲ್ಲಿ. ಕೇರಳದ ಎರವಿಕುಳಂ ಉದ್ಯಾನವನ್ನು ಆ ಹೊತ್ತಿಗೆ ಪ್ರವಾಸಿಗರಿಗೆ ಮುಚ್ಚುವುದು ಇದಕ್ಕೇ.

ಎರಡೂ ಮೆಲುಕು ಹಾಕುವ ಪ್ರಾಣಿ, ಎರಡೂ ಪಶ್ಚಿಮಘಟ್ಟದ್ದು, ಮಳೆಯೂ ಅದೇ. ಒಂದು ಮಳೆಗೆ ಹೆರುತ್ತದೆ, ಒಂದು ಮಳೆ ತಪ್ಪಿಸಿ ಹೆರುತ್ತದೆ. ಥಾರ್ ಮರಿ ಹುಟ್ಟುವುದು ಬೋಳು ಬಂಡೆಯ ಮೇಲೆ. ಅಲ್ಲಿ ಮುಂಗಾರಿನ ಮಳೆ ಮೇಲಿನಿಂದ ಬೀಳುವುದಿಲ್ಲ, ಅಡ್ಡ ಬೀಳುತ್ತದೆ. ಒದ್ದೆಯಾದ ಕೂದಲು ಬೆಚ್ಚಗಿಡುವುದಿಲ್ಲ, ಮೇಲಿಂದ ಗಾಳಿ. ಒಂದೆರಡು ಕೆಜಿಯ ಮರಿ ಒಂದು ರಾತ್ರಿಯೂ ತಾಳಲಾರದು. ಕಡವೆಮರಿ ಕಾಡಿನ ಒಳಗೆ ಹುಟ್ಟುತ್ತದೆ. ಮೇಲೆ ಮರದ ಚಾವಣಿ, ಸುತ್ತ ಒಂದೇ ವಾರದಲ್ಲಿ ಸೊಂಟದೆತ್ತರ ಏಳುವ ಸೊಪ್ಪು. ತಾಯಿ ಮರಿಯನ್ನು ಅಡಗಿಸಿಟ್ಟು ಮೇಯಲು ಹೋಗಬಹುದು. ಹೆತ್ತ ತಾಯಿಗೆ ಅತಿ ಹೆಚ್ಚು ಮೇವು ಬೇಕಾಗುವುದು ಬಸಿರಿನಲ್ಲಲ್ಲ, ಹಾಲೂಡುವಾಗ. ಆ ಹೊತ್ತಿಗೆ ಕಾಡಿಡೀ ಚಿಗುರು. ಮಳೆ ಮರಿಯ ವಾಸನೆಯನ್ನೂ ತೊಳೆದುಬಿಡುತ್ತದೆ, ಸೀಳುನಾಯಿಗೆ ಜಾಡು ಸಿಗುವುದು ಕಷ್ಟ ಅಂತ ನನ್ನ ಊಹೆ. ಇದು ಊಹೆ ಮಾತ್ರ.

ಇಲ್ಲಿ ಹಿರಿಯರೊಬ್ಬರು ಎದ್ದು, "ಹಾಗಾದ್ರೆ ಕಕ್ಕಡದಲ್ಲಿ ಕೋವಿ ಮುಟ್ಟದೆ ಕೈಲ್‌ಮುಹೂರ್ತಕ್ಕೆ ಹೊರಗೆ ತೆಗೀತಿದ್ದದ್ದು ಮರಿ ಉಳೀಲಿ ಅಂತಲೇ?" ಅಂದರು. ಹೌದು ಅಂದಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಆದರೆ ನನಗೆ ಹಾಗನ್ನಿಸುವುದಿಲ್ಲ. ಕಕ್ಕಡದಲ್ಲಿ ಎಲ್ಲರ ಕೈಯೂ ಗದ್ದೆ ಕೆಸರಿನಲ್ಲಿತ್ತು, ಮಂಜಿನಲ್ಲಿ ಹತ್ತು ಮಾರು ದೂರ ಕಾಣುತ್ತಿರಲಿಲ್ಲ, ಮದ್ದು ಒದ್ದೆ. ನಾಟಿ ಮುಗಿಸಿ ಸೆಪ್ಟೆಂಬರಿನ ಆರಂಭದ ಕೈಲ್‌ಮುಹೂರ್ತದಲ್ಲಿ ಕೋವಿಗೆ ಹೂವಿಟ್ಟು ಪೂಜಿಸಿ ಬೇಟೆಗೆ ಹೊರಟಾಗ ಮರಿಗೆ ಕೆಲವು ವಾರಗಳಾಗಿ ತಾಯಿಯ ಹಿಂದೆ ಓಡುವಷ್ಟು ಕಾಲು ಬಂದಿರುತ್ತಿತ್ತು. ಉದ್ದೇಶ ಇರಲಿ ಇಲ್ಲದಿರಲಿ, ಕಡವೆಗೆ ಲಾಭವಂತೂ ಆಯಿತು.

ಹಂದಿಯ ವಿಷಯ ಇಲ್ಲಿ ಎಲ್ಲರಿಗೂ ನನಗಿಂತ ಚೆನ್ನಾಗಿ ಗೊತ್ತು, ಕನಿಷ್ಠ ಪಾತ್ರೆಯೊಳಗಿನ ಭಾಗ. ಬೆವರದ ಪ್ರಾಣಿ ಆದ್ದರಿಂದ ಬೇಸಿಗೆಯಲ್ಲಿ ಕೆಸರಿಲ್ಲದೆ ಅದಕ್ಕೆ ಗತಿಯಿಲ್ಲ. ಹೆರುವ ಮುನ್ನ ಸೊಪ್ಪು, ಹುಲ್ಲು ಗುಡ್ಡೆ ಹಾಕಿ ಗೂಡು ಕಟ್ಟುತ್ತದೆ. ನಮ್ಮ ಗೊರಸಿನ ಪ್ರಾಣಿಗಳಲ್ಲಿ ಮನೆ ಕಟ್ಟುವುದು ಇದೊಂದೇ. ಇಷ್ಟು ಸಾಕು. ಬರ್ಕವಂತೂ ಮೂರು ಕೆಜಿ ತೂಗುವ, ರಾತ್ರಿ ಮಾತ್ರ ಹೊರಬೀಳುವ, ಕೊಂಬೇ ಇಲ್ಲದ ಪುಟ್ಟ ಜೀವ. ಯಾವ ಮರದ ಹಣ್ಣು ಯಾವಾಗ ಉದುರುತ್ತದೆ ಅನ್ನುವುದೇ ಅದರ ಪಂಚಾಂಗ.

ಕಾಟಿಗೆ ಬರೋಣ.

ಅಕ್ಟೋಬರಿನಲ್ಲಿ, ತುಲಾ ಸಂಕ್ರಮಣದ ಹೊತ್ತಿಗೆ, ಬೆಟ್ಟದ ನೆತ್ತಿಯ ಹುಲ್ಲು ಆಳೆತ್ತರ. ನೋಡಲು ಚೆಂದ, ತಿನ್ನಲು ಕಡ್ಡಿ. ಜನವರಿಗೆ ಅದು ಒಣಗಿ ಹೊಂಬಣ್ಣ. ಕಾಟಿ ಆಗ ಹುಲ್ಲು ಬಿಟ್ಟು ಕಾಡಿಗೆ ನುಗ್ಗುತ್ತದೆ. ಎಲೆ, ಬಳ್ಳಿ, ಬಿದಿರು. ಕಡೆಗೆ ಮರದ ತೊಗಟೆ. ಮಧ್ಯಭಾರತದ ಒಣ ಕಾಡುಗಳಲ್ಲಿ ಬೇಸಿಗೆಯ ಕಾಟಿ ತೇಗದ ತೊಗಟೆ ಸುಲಿದು ತಿನ್ನುವುದು ದಾಖಲಾಗಿದೆ. ಹೊಟ್ಟೆಪಾಡಿಗೆ ಅದು ಹುಲ್ಲಿಗ, ಸೊಪ್ಪಿಗ ಎರಡೂ ಆಗಬಲ್ಲದು. ಚುಕ್ಕಿಜಿಂಕೆಗೆ ಇಷ್ಟು ಸಡಿಲ ಇಲ್ಲ. ಅದಕ್ಕೇ ನಮ್ಮ ಒದ್ದೆ ಬೆಟ್ಟಗಳಲ್ಲಿ ಜಿಂಕೆ ಕಾಣುವುದು ಅಪರೂಪ. ಅದು ಪೂರ್ವದ ಬಯಲು ಕಾಡಿನ ಜೀವ.

ಇನ್ನು ಹೊತ್ತಿನ ಮಾತು. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆ ಒಂದು ಹುದುಗಿನ ಹಂಡೆ. ಹುದುಗು ಎದ್ದಾಗ ಶಾಖ ಏಳುತ್ತದೆ. ಡಿಸೆಂಬರಿನ ಬೆಳಗಿನ ಜಾವಕ್ಕೆ ಅದು ವರ, ಏಪ್ರಿಲಿನ ಮಧ್ಯಾಹ್ನಕ್ಕೆ ಶಾಪ. ಏಳೆಂಟು ಕ್ವಿಂಟಲು ತೂಗುವ, ಕಪ್ಪು ಮೈಯ ಕಾಟಿ ಬಿಸಿಲಲ್ಲಿ ನಿಂತು ತಿಂದರೆ ಒಳಗೂ ಬೆಂಕಿ, ಹೊರಗೂ ಬೆಂಕಿ. ಆದ್ದರಿಂದ ಬೇಸಿಗೆಯಲ್ಲಿ ಊಟವೆಲ್ಲ ಸಂಜೆ, ರಾತ್ರಿ, ಮುಂಜಾನೆಗೆ ಸರಿಯುತ್ತದೆ. ನಡುಹಗಲು ಬೆಟ್ಟದ ಮಡಿಲಿನ ಶೋಲಾ ಕಾಡಿನ ನೆರಳಲ್ಲಿ ಮೆಲುಕು. ಚಳಿಗಾಲದಲ್ಲಿ ಅವೇ ಕಾಟಿಗಳು ಒಂಬತ್ತು ಗಂಟೆಯ ಬಿಸಿಲಿಗೆ ಮೈ ಕೊಟ್ಟು ಹುಲ್ಲುಗಾವಲಿನ ನಡುವೆ ನಿಂತಿರುವುದನ್ನು ಕಕ್ಕಬ್ಬೆಯ ಕಡೆಯವರು ನೋಡಿರುತ್ತೀರಿ.

ಮಾರ್ಚಿನ ಹೂಮಳೆ ನಮಗೆ ಕಾಫಿಯ ಹೂವು. ಕಾಟಿಗೆ ಅದು ಹೊಸ ವರ್ಷ. ಒಂದು ಇಂಚು ಬಿದ್ದರೆ ಸಾಕು, ವಾರದೊಳಗೆ ಹುಲ್ಲಿನ ಬುಡದಿಂದ ಹಸಿರು ಸೂಜಿ ಏಳುತ್ತದೆ. ಬೆಂಕಿ ಬಿದ್ದ ಜಾಗದಲ್ಲಿ ಇನ್ನೂ ಬೇಗ, ಒಣಕಡ್ಡಿಯ ಅಡ್ಡಿ ಇಲ್ಲದ್ದರಿಂದ. ಹಿಂದಿನ ಬೇಟೆಗಾರರು ಹುಲ್ಲಿಗೆ ಬೆಂಕಿ ಕೊಟ್ಟು ಕಾಯುತ್ತಿದ್ದುದು ಈ ಆಸೆಗೆ. ಆದರೆ ಅದೇ ಬೆಂಕಿ ಶೋಲಾದ ಅಂಚನ್ನು ವರ್ಷಕ್ಕೊಂದು ಮಾರು ತಿನ್ನುತ್ತಾ ಹೋದದ್ದನ್ನು ನಾನು ಕಣ್ಣಾರೆ ಕಂಡವನು. ನಡುಹಗಲಿನ ನೆರಳನ್ನು ಸುಟ್ಟು ಬೆಳಗಿನ ಹುಲ್ಲು ಕೊಟ್ಟರೆ ಕಾಟಿಗೆ ಏನು ಉಪಕಾರ ಮಾಡಿದ ಹಾಗಾಯಿತು?

ಜೂನಿನಲ್ಲಿ ಗಾಳಿ ತಿರುಗುತ್ತದೆ. ನೆತ್ತಿಯ ಮೇಲೆ ಹುಲ್ಲು ಅತ್ಯುತ್ತಮವಾಗಿರುವ ಕಾಲ ಅದು, ಆದರೆ ಅಲ್ಲಿ ನಿಲ್ಲಲಾಗದ ಕಾಲವೂ ಅದೇ. ಮಳೆ, ಗಾಳಿ, ಮಂಜು, ಜಿಗಣೆ. ಮಳೆಯ ಸದ್ದಿನಲ್ಲಿ ಹಿಂದಿನಿಂದ ಹುಲಿ ಬಂದರೂ ಕೇಳಿಸದು. ಕಾಟಿಗಳು ಆಗ ಗಾಳಿಗೆ ಬೆನ್ನು ಕೊಟ್ಟ ಪೂರ್ವದ ಮಗ್ಗುಲಿಗೆ ಜಾರುತ್ತವೆ. ನಾನು ಇದನ್ನು ಕಂಡುಕೊಂಡದ್ದು ಸಗಣಿಯಿಂದ. ಮಳೆ ನಿಂತ ಮೇಲೆ ನಡೆದರೆ ಪಶ್ಚಿಮದ ಬೋಳು ಇಳಿಜಾರಿನಲ್ಲಿ ಹಳೆಯದು ಸಿಗುವುದಿಲ್ಲ, ಮಡಿಲಿನ ಈಚೆ ರಾಶಿ ರಾಶಿ. ಮಳೆ ಸಗಣಿಯನ್ನೂ ತೊಳೆಯುತ್ತದಲ್ಲ ಅಂತ ಯಾರಾದರೂ ಆಕ್ಷೇಪಿಸಬಹುದು. ನ್ಯಾಯ. ಆದರೆ ಮಣ್ಣಿನಲ್ಲಿ ಹೂತ ಗೊರಸಿನ ಹೆಜ್ಜೆಯೂ ಅದನ್ನೇ ಹೇಳುತ್ತದೆ.

ಇನ್ನೂರು ಇಂಚಿಗೆ ಇನ್ನೊಂದು ಬೆಲೆ ಇದೆ. ಅದು ಮಣ್ಣಿನ ಉಪ್ಪನ್ನು ತೊಳೆದು ಸಮುದ್ರಕ್ಕೆ ಕಳಿಸುತ್ತದೆ. ಎಳೆ ಸೊಪ್ಪಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಬಹಳ ಕಡಿಮೆ. ಆ ಹೆಚ್ಚಿನ ಪೊಟ್ಯಾಸಿಯಂ ಹೊರಹಾಕುವಾಗ ದೇಹ ಇದ್ದ ಸೋಡಿಯಮ್ಮನ್ನೂ ಕಳೆದುಕೊಳ್ಳುತ್ತದೆ. ಹಸಿರು ಹೆಚ್ಚಾದಷ್ಟೂ ಉಪ್ಪಿನ ಹಸಿವು. ಹಾಲೂಡುವ ತಾಯಿಗೆ, ಕೊಂಬು ಬೆಳೆಸುವ ಗಂಡಿಗೆ ಇನ್ನೂ ಹೆಚ್ಚು. ಉಪ್ಪುಮಣ್ಣಿನ ದಿಬ್ಬಕ್ಕೆ ಕಡವೆ, ಕಾಟಿ ಎರಡೂ ಬರುವುದು ಇದಕ್ಕೆ. ನೆಕ್ಕಿ ನೆಕ್ಕಿ ಗವಿಯಾದ ಮಣ್ಣು ನಿಮ್ಮ ಕಾಡಂಚಿನಲ್ಲೂ ಇರಬಹುದು.

ಮನುಷ್ಯ ಮಾಡಿದ ಋತುಗಳೂ ಉಂಟು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿಯಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದಂತೆ ಬಯಲಾದ ಕೆಸರಿನ ಮೇಲೆ ಹಸಿಹುಲ್ಲು. ಸುತ್ತಲಿನ ಕಾಡು ಒಣಗಿ ಸೀದಿರುವ ಏಪ್ರಿಲಿನಲ್ಲಿ ನಾಗರಹೊಳೆಯ ಆ ಅಂಚಿನಲ್ಲಿ ಮುಂಗಾರು ಬಂದಂತೆ. ಆನೆ, ಕಾಟಿ, ಜಿಂಕೆ ಎಲ್ಲ ಅಲ್ಲಿ. ಐವತ್ತು ವರ್ಷದಲ್ಲಿ ಎಷ್ಟು ತಲೆಮಾರಿನ ಜಿಂಕೆ! ಇವತ್ತಿನವುಗಳಿಗೆ ಅದು ಯಾವಾಗಲೂ ಹಾಗೇ ಇತ್ತು. ಎದುರು ದಿಕ್ಕಿನ ಉದಾಹರಣೆ ಬಿದಿರು. ನಲವತ್ತು ವರ್ಷಕ್ಕೂ ಮೀರಿ ಒಮ್ಮೆ ಹೂಬಿಟ್ಟು, ಅಕ್ಕಿಯಾಗಿ, ಹಿಂಡಲಿಗೆ ಹಿಂಡಲೇ ಸಾಯುತ್ತದೆ. ನಾಗರಹೊಳೆ, ವಯನಾಡಿನಲ್ಲಿ 2010ರ ಬಳಿಕದ ವರ್ಷಗಳಲ್ಲಿ ಹಾಗಾಯಿತು. ಬೇಸಿಗೆಯ ಹಸಿರು ತಟ್ಟೆಯೊಂದು ಪ್ರಾಣಿಗಳ ಮುಂದಿನಿಂದ ಎದ್ದುಹೋಯಿತು. ಅದು ಬಿಟ್ಟ ಜಾಗಕ್ಕೆ ಲಂಟಾನ ಬಂದು ಕೂತಿತು.

ಬೇಸಿಗೆಯ ನೀರಿಗೆ ಎಲ್ಲ ಪ್ರಾಣಿಗಳೂ ಒಂದೇ ಕಡೆ ಸೇರಿದರೆ ರೋಗವೂ ಸೇರುತ್ತದೆ. 1968ರಲ್ಲಿ ದನಗಳ ದೊಡ್ಡರೋಗ (ರಿಂಡರ್‌ಪೆಸ್ಟ್) ಬಂಡೀಪುರ, ಮುದುಮಲೈ ಕಡೆಯ ಕಾಟಿಗಳಿಗೆ ಹತ್ತಿ ಹಿಂಡುಗಳೇ ಮಲಗಿದವು. ಆ ರೋಗ ಲೋಕದಿಂದಲೇ ತೊಲಗಿತು ಎಂದು 2011ರಲ್ಲಿ ಘೋಷಿಸಿದರು. ಈಗಿನ ಹುಡುಗರಿಗೆ ಆ ಹೆಸರೂ ಗೊತ್ತಿಲ್ಲ.

ಕೊನೆಗೆ, ನನಗೆ ಈಚೆಗೆ ಹೆಚ್ಚು ಕಾಡುವ ವಿಷಯ. ಅಮೆರಿಕದ ರಾಕಿ ಬೆಟ್ಟಗಳಲ್ಲಿ ಕಾಡುಕುರಿಗಳನ್ನು (ನಮ್ಮ ಬೊಗಳುವ ಕಾಡುಕುರಿ ಅಲ್ಲ, ನಿಜವಾದ ಕುರಿ, ದೊಡ್ಡ ಸುರುಳಿ ಕೊಂಬಿನದ್ದು) ಅವು ಅಳಿದುಹೋಗಿದ್ದ ಜಾಗಗಳಿಗೆ ಹೊರಗಿನಿಂದ ತಂದು ಬಿಟ್ಟರು. ಹುಲ್ಲು ಬೆಟ್ಟ ಹತ್ತುತ್ತಿತ್ತು, ಕುರಿಗಳು ಹತ್ತಲಿಲ್ಲ. ಬಿಟ್ಟ ಜಾಗದಲ್ಲೇ ಮೇಯುತ್ತಾ ಉಳಿದವು. ಋತುವಿನ ಹಾದಿಯಲ್ಲಿ ಹಿಂಡು ಮತ್ತೆ ನಡೆಯಲು ದಶಕಗಳೇ ಹಿಡಿದವು, ಒಂದು ತಲೆಮಾರು ಇನ್ನೊಂದಕ್ಕೆ ಸ್ವಲ್ಪ ಸ್ವಲ್ಪ ಕಲಿಸುತ್ತಾ. ಅಂದರೆ ಯಾವಾಗ ಎಲ್ಲಿಗೆ ಹೋಗಬೇಕು ಅನ್ನುವುದು ರಕ್ತದಲ್ಲಿ ಬಂದದ್ದಲ್ಲ. ತಾಯಿಯ ಬೆನ್ನ ಹಿಂದೆ ನಡೆದು ಕಲಿತದ್ದು. ನಮ್ಮ ಮನೆಯ ಹುಡುಗರು ದೇವರಕಾಡಿಗೆ ಹೋಗುವ ಕಾಲುದಾರಿ ಕಲಿತ ಹಾಗೆ.

ಕಡವೆಯನ್ನು ನಮ್ಮಲ್ಲಿ ಯಾರೂ ಹಾಗೆ ಅಳೆದಿಲ್ಲ ಅಂತ ನೀವು ಹೇಳಬಹುದು. ನಾನು ನೋಡಿದ್ದು ಇಷ್ಟು. ನನ್ನ ತೋಟದ ಕೆರೆಗೆ ಬೇಸಿಗೆಯಲ್ಲಿ ಬರುವ ಹೆಣ್ಣು ಕಡವೆ ದಡದ ಬರೆಯ ಒಂದೇ ಜಾಗದಲ್ಲಿ ಇಳಿಯುತ್ತದೆ. ಪಕ್ಕದಲ್ಲಿ ಇನ್ನೂ ಸಲೀಸಾದ ಜಾಗ ಇದೆ, ಅಲ್ಲಿ ಇಳಿಯುವುದಿಲ್ಲ. ಇಪ್ಪತ್ತು ವರ್ಷದಲ್ಲಿ ಹೆಣ್ಣು ಬದಲಾಗಿರಲೇಬೇಕು. ಜಾಗ ಬದಲಾಗಲಿಲ್ಲ.

ಮಾತು ಮುಗಿಸಿದ ಮೇಲೆ ಹಿಂದಿನ ಸಾಲಿನ ತರುಣರೊಬ್ಬರು ಕೇಳಿದರು: "ನಮ್ಮ ಕೆರೆಗೂ ಬರ್ತಿತ್ತು ಸಾರ್, ಎರಡು ವರ್ಷದಿಂದ ಇಲ್ಲ. ಯಾರಾದ್ರೂ ಹೊಡೆದ್ರಾ, ಮಳೆ ಲೆಕ್ಕ ತಪ್ಪಿತಾ?" ವೇದಿಕೆಯ ಮೇಲೆ ನಿಂತು ಉತ್ತರ ಕೊಡುವ ಪ್ರಶ್ನೆ ಅದಲ್ಲ. ಮಾರನೆಯ ಬೆಳಿಗ್ಗೆ ಅವರ ಜತೆ ಹೋಗಿ ನೋಡಿದೆ. ಕೆರೆಯಲ್ಲಿ ನೀರಿತ್ತು. ದಡದ ಹಳೆಯ ಇಳಿದಾಣದ ಗುರುತೂ ಇತ್ತು, ಅದರ ಮೇಲೆ ಸೊಪ್ಪು ಬೆಳೆದಿತ್ತು. ಅಲ್ಲಿಂದ ಮೇಲಕ್ಕೆ ಹತ್ತಿದೆವು. ಪಕ್ಕದ ತೋಟ ಕೈ ಬದಲಾಗಿ, ಕಾಡಂಚಿನ ಉದ್ದಕ್ಕೂ ಆಳೆತ್ತರದ ಚೈನ್‌ಲಿಂಕ್ ಬೇಲಿ ಬಂದಿತ್ತು. ಬೇಲಿಯ ಆಚೆ, ಕಾಡಿನ ಕಡೆ, ತಂತಿಗೆ ತಾಗಿಕೊಂಡಂತೆ ನೆಲ ತುಳಿದು ತುಳಿದು ಒಂದು ಹೊಸ ದಾರಿಯಾಗಿತ್ತು. ಹಸಿ ಮಣ್ಣಿನಲ್ಲಿ ಗೊರಸಿನ ಗುರುತು, ದೊಡ್ಡದೊಂದು, ಹಿಂದೆ ಚಿಕ್ಕದೊಂದು. ಬೇಲಿ ಮುಗಿಯುವವರೆಗೂ ಹೋದೆವು. ದಾರಿ ಅಲ್ಲಿ ಕೆರೆಯ ಕಡೆಗೆ ತಿರುಗಿರಲಿಲ್ಲ, ನೇರ ಕೆಳಗಿಳಿದು ಟಾರು ರಸ್ತೆಯ ತಿರುವಿಗೆ ಸೇರಿತ್ತು.